ಚರಕದ ಮನೆಯ ಗೋಡೆಗೆ ಕಸುಬಿನ ಚಿತ್ರಗಳು

ಶಿಡ್ಲಘಟ್ಟದ ನಮ್ಮ ಮನೆಯ ದೊಡ್ಡ ಕೋಣೆ ಒಂದು ಕಾಲಕ್ಕೆ ಚರಕದ ಮನೆಯಾಗಿತ್ತು. ಅಪ್ಪ ಅಲ್ಲಿ ರೇಷ್ಮೆ ನೂಲು ತೆಗೆಸುತ್ತಿದ್ದರು. ಒಲೆಗಳನ್ನು ಒಡೆಸಿ, ನೆಲಕ್ಕೆ ಕಡಪಾ ಕಲ್ಲು ಹಾಕಿಸಿ, ಗೋಡೆಗೆ ಎರಡು ಸಲ ಸುಣ್ಣ ಹೊಡೆಸಿದ ಮೇಲೂ ಮಳೆಗಾಲದಲ್ಲಿ ಬೆಂದ ರೇಷ್ಮೆ ಗೂಡಿನ ವಾಸನೆ ಆ ಗೋಡೆಯಿಂದ ಸಣ್ಣಗೆ ಏಳುತ್ತದೆ. ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಆ ವಾಸನೆಯಲ್ಲೇ ಬೆಳೆದವಳು. ಆ ವಾಸನೆ ಇರುವ ಕಡೆ ದುಡಿಮೆ ಇದೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕೋಣೆಯ ಉದ್ದ ಗೋಡೆ ಬರಿದಾಗಿತ್ತು. ಓಡುವ ಏಳು ಕುದುರೆಗಳ ಚಿತ್ರ ಹಾಕಿ, ಒಳ್ಳೆಯದಾಗುತ್ತದೆ ಎಂದರು ಒಬ್ಬರು. ಜಲಪಾತದ ವಾಲ್‌ಪೇಪರ್ ಅಂಟಿಸಿ ಎಂದರು ಇನ್ನೊಬ್ಬರು. ನನಗೆ ಅಲ್ಲಿ ಬೇಕಾಗಿದ್ದದ್ದು ಕೆಲಸ ಮಾಡುವ ಮನುಷ್ಯರು. ಶಾಲೆಯಲ್ಲಿ ಚಿತ್ರಕಲೆ ಕಲಿಸುವ ನನಗೆ ಹಳೆಯ ಮರದಚ್ಚಿನ ಚಿತ್ರಗಳ ಮೇಲೆ ಬಹಳ ಕಾಲದಿಂದ ಪ್ರೀತಿ. ಅವುಗಳಲ್ಲಿ ಕಸುಬುದಾರರನ್ನು ತೋರಿಸುವಂಥವನ್ನೇ ಆರಿಸಿ ಆ ಗೋಡೆ ತುಂಬಿಸಿದ್ದೇನೆ. ಇಂಥ ಚಿತ್ರಗಳನ್ನು ಮನೆಯಲ್ಲಿ ಹಾಕಿಕೊಳ್ಳಬೇಕೆಂದು ಇರುವವರಿಗೆ ನಾನು ಹೇಳಬೇಕಾದದ್ದು ಒಂದೇ. ಚಿತ್ರ ಎಷ್ಟು ಹಳೆಯದು, ಎಷ್ಟು ಅಂದ ಎಂಬುದನ್ನು ಆಮೇಲೆ ನೋಡಿ. ಅದರೊಳಗಿನ ಕೈ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಮೊದಲು ನೋಡಿ.

ಯುರೋಪಿನದನ್ನು ಹುಡುಕುವವರಿಗೆ ಮೊದಲು ಸಿಗುವುದು 1568ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದ ಕಸುಬುಗಳ ಪುಸ್ತಕ. ಚಿತ್ರಗಳು ಯೋಸ್ಟ್ ಅಮ್ಮಾನ್ ಅವರವು, ಪ್ರತಿ ಚಿತ್ರದ ಕೆಳಗಿನ ಪದ್ಯ ಹಾನ್ಸ್ ಸಾಕ್ಸ್ ಅವರದು. ಒಟ್ಟು 114 ಚಿತ್ರಗಳು. ಪೋಪ್‌ನಿಂದ ಶುರುವಾಗಿ ದೊರೆ, ವೈದ್ಯ ಎಂದು ಇಳಿಯುತ್ತ ಕಾಗದ ಮಾಡುವವನು, ಅಕ್ಕಸಾಲಿಗ, ಬಡಗಿ, ಕುಂಬಾರ, ಚಮ್ಮಾರ, ಹಲ್ಲು ಕೀಳುವವನು, ಸೂಜಿ ಮಾಡುವವನು ಎಲ್ಲರನ್ನೂ ದಾಟಿ ಕೊನೆಗೆ ವಿದೂಷಕರಲ್ಲಿ ನಿಲ್ಲುತ್ತದೆ. ಚಿತ್ರಗಳು ಅಂಗೈಗಿಂತ ದೊಡ್ಡವಲ್ಲ. ಆ ಅಳತೆಯಲ್ಲೇ ಒಂದು ಇಡೀ ಅಂಗಡಿ, ಕಿಟಕಿ, ಗೋಡೆಗೆ ನೇತು ಹಾಕಿದ ಸಲಕರಣೆಗಳು, ದುಡಿಯುವವನ ಬಗ್ಗಿದ ಬೆನ್ನು ಎಲ್ಲವೂ ಹಿಡಿಸಿವೆ.

ಪದ್ಯ ಬರೆದ ಹಾನ್ಸ್ ಸಾಕ್ಸ್ ನ್ಯೂರೆಂಬರ್ಗಿನ ಚಮ್ಮಾರ. ಚಪ್ಪಲಿ ಹೊಲಿಯುತ್ತಲೇ ಸಾವಿರಾರು ಪದ್ಯ ಬರೆದ ಮನುಷ್ಯ. ಇದನ್ನು ಮೊದಲ ಸಲ ಓದಿದಾಗ ನನಗೆ ಸ್ವಲ್ಪವೂ ಅಚ್ಚರಿಯಾಗಲಿಲ್ಲ, ಬಹಳ ಸಂತೋಷವಾಯಿತು. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಜೇಡರ ದಾಸಿಮಯ್ಯ ಎಂದು ಕಸುಬನ್ನು ಹೆಸರಿನ ಮುಂದಿಟ್ಟುಕೊಂಡೇ ನುಡಿದವರ ನಾಡಿನವರು ನಾವು. ಕೈ ದುಡಿಯುವವನು ಬಾಯಿ ತೆರೆದು ತನ್ನ ಕೆಲಸದ ಮಾತನ್ನು ತಾನೇ ಹೇಳುವುದು ಕನ್ನಡದವರಿಗೆ ಹೊಸತಲ್ಲ.

ಆ ಪುಸ್ತಕದ ಕುಂಬಾರನನ್ನು ನೋಡಿ. ಮಣ್ಣಿಗೆ ಕೂದಲು ಬೆರೆಸಿ ಕಾಲಿನಿಂದ ತುಳಿಯುತ್ತೇನೆ, ಆಮೇಲೆ ಮುದ್ದೆಯನ್ನು ತಿಗರಿಯ ಮೇಲೆ ಹಾಕಿ ಕಾಲಿನಿಂದಲೇ ತಿರುಗಿಸುತ್ತೇನೆ ಎಂದು ಪದ್ಯದಲ್ಲಿ ಅವನೇ ಹೇಳುತ್ತಾನೆ. ನಮ್ಮ ಕಡೆಯ ಕುಂಬಾರರು ಕೆರೆಯ ಜೇಡಿಯನ್ನು ಕಾಲಿನಿಂದಲೇ ತುಳಿದು ಹದ ಮಾಡುತ್ತಾರೆ. ತಿಗರಿಯನ್ನು ಮಾತ್ರ ಕೋಲು ಕೊಟ್ಟು ತಿರುಗಿಸುವುದು ನಮ್ಮ ಹಳೆಯ ಪದ್ಧತಿ. ಆ ಒಂದು ವ್ಯತ್ಯಾಸದಿಂದ ಕೂರುವ ಭಂಗಿಯೇ ಬೇರೆಯಾಗುತ್ತದೆ. ಅವನು ಬೆಂಚಿನ ಮೇಲೆ ಎತ್ತರಕ್ಕೆ ಕೂರಬೇಕು, ನಮ್ಮವರು ನೆಲಕ್ಕೆ ಕುಕ್ಕರುಗಾಲಿನಲ್ಲಿ ಕೂರಬೇಕು. ಈ ಚಿತ್ರದ ಮುಂದೆ ಮಕ್ಕಳನ್ನು ನಿಲ್ಲಿಸಿ ಇದನ್ನು ತೋರಿಸಿದರೆ ಮನುಷ್ಯನ ಮೈಯನ್ನು ಬರೆಯುವುದು ಹೇಗೆ ಎಂಬ ಪಾಠ ಅರ್ಧ ಮುಗಿದಂತೆ. ಬೆನ್ನು ಯಾಕೆ ಬಾಗುತ್ತದೆ, ಮೊಣಕಾಲು ಯಾಕೆ ಅಗಲವಾಗುತ್ತದೆ ಎಂಬುದಕ್ಕೆ ಉತ್ತರ ಸಲಕರಣೆಯಲ್ಲೇ ಇರುತ್ತದೆ.

ಇದೇ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಅಚ್ಚು ಕೊರೆಯುವವನ ಚಿತ್ರ. ಬಾಗಿಲು ದಾಟಿ ಒಳಗೆ ಬಂದ ಕೂಡಲೇ ಎಡಕ್ಕೆ ಅದೇ ಕಾಣುತ್ತದೆ. ಮೇಜಿನ ಮುಂದೆ ಒಬ್ಬ ಕುಳಿತಿದ್ದಾನೆ, ಮುಂದೆ ಹಲಗೆ, ಕೈಯಲ್ಲಿ ಚಾಕು. ಹಲಗೆಯ ಮೇಲೆ ಲೇಖನಿಯಿಂದ ಏನು ಬರೆದುಕೊಟ್ಟರೂ ಅದನ್ನು ಕೊರೆಯುವವನು ನಾನು ಎನ್ನುತ್ತದೆ ಪದ್ಯ. ಈ ಗೋಡೆಯ ಮೇಲಿನ ಪ್ರತಿಯೊಂದು ಚಿತ್ರವೂ ಇಂಥವನೊಬ್ಬನ ಕೈಯಿಂದ ಬಂದದ್ದು.

ಮರದಚ್ಚಿನಲ್ಲಿ ಶಾಯಿ ಹತ್ತುವುದು ಉಬ್ಬಿ ಉಳಿದ ಭಾಗಕ್ಕೆ. ಆದ್ದರಿಂದ ಕಪ್ಪು ಗೆರೆಯನ್ನು ಯಾರೂ ಕೊರೆಯುವುದಿಲ್ಲ. ಗೆರೆಯ ಎರಡೂ ಪಕ್ಕದ ಮರವನ್ನು ಕೊರೆದು ತೆಗೆದು ಗೆರೆಯನ್ನು ಉಳಿಸಿಕೊಳ್ಳುತ್ತಾರೆ. ಯುರೋಪಿನಲ್ಲಿ ಇದಕ್ಕೆ ಪಿಯರ್ ಹಣ್ಣಿನ ಮರದಂಥ, ಎಳೆಗಳು ಸಣ್ಣಗಿರುವ ಗಟ್ಟಿ ಮರ ಬಳಸುತ್ತಿದ್ದರು. ಅಮ್ಮಾನ್ ಚಿತ್ರಗಳಲ್ಲಿ ನೆರಳು ಬರುವ ಕಡೆ ಅಡ್ಡಗೆರೆಗಳ ಮೇಲೆ ಓರೆಗೆರೆಗಳು ಹಾದು ಬಲೆಯಂತೆ ಹೆಣೆದುಕೊಂಡಿರುತ್ತವೆ. ಭೂತಗನ್ನಡಿ ಹಿಡಿದು ನೋಡಿ. ಲೇಖನಿ ಹಿಡಿದವನಿಗೆ ಅದು ಕೈಯನ್ನು ನಾಲ್ಕು ಸಲ ಆಡಿಸುವಷ್ಟು ಕೆಲಸ. ಕೊರೆಯುವವನು ಮಾತ್ರ ಆ ಬಲೆಯ ಪ್ರತಿಯೊಂದು ಬಿಳಿ ಕಣ್ಣನ್ನೂ ನಾಲ್ಕೂ ಕಡೆಯಿಂದ ಚಾಕು ಇಳಿಸಿ, ಸುತ್ತಲಿನ ಗೆರೆ ಮುರಿಯದಂತೆ, ಒಂದೊಂದಾಗಿ ಎತ್ತಿ ತೆಗೆಯಬೇಕು. ಸಾಸಿವೆಗಿಂತ ಸಣ್ಣ ಚೂರುಗಳು. ಒಂದು ಅಂಗಿಯ ತೋಳಿನ ನೆರಳಿನಲ್ಲಿ ಅಂಥವು ಎಷ್ಟಿರುತ್ತವೆ ಎಂದು ನೋಡುತ್ತ ಹೋದರೆ ಕಣ್ಣು ನೋಯುತ್ತದೆ. ಅಮ್ಮಾನ್ ಹೆಸರು ಉಳಿಯಿತು. ಆ ಕಣ್ಣುಗಳನ್ನು ಎತ್ತಿ ತೆಗೆದವರ ಹೆಸರು ಚಿತ್ರದ ಕೆಳಗೆ ಎಲ್ಲೂ ಇಲ್ಲ. ಅದಕ್ಕಾಗಿಯೇ ಅಚ್ಚು ಕೊರೆಯುವವನನ್ನು ಬಾಗಿಲ ಹತ್ತಿರ, ಎಲ್ಲರಿಗಿಂತ ಮುಂದೆ ಹಾಕಿದ್ದೇನೆ.

ಗೋಡೆಯ ನಡುಭಾಗ ರೇಷ್ಮೆಗೆ ಮೀಸಲು. ಈ ಮನೆಯಲ್ಲಿ ಅದು ಬೇರೆ ರೀತಿ ಇರಲು ಸಾಧ್ಯವಿಲ್ಲ.

ಚೀನಾದ ಕಾಂಗ್‌ಷಿ ಚಕ್ರವರ್ತಿಯ ಕಾಲದಲ್ಲಿ, 1696ರಲ್ಲಿ, ಉಳುಮೆ ಮತ್ತು ನೇಯ್ಗೆಯ ಚಿತ್ರಗಳ ಒಂದು ಮಾಲೆ ಮರದಚ್ಚಿನಲ್ಲಿ ಬಂತು. ಭತ್ತದ ಬೇಸಾಯಕ್ಕೆ 23, ರೇಷ್ಮೆಗೆ 23, ಒಟ್ಟು 46 ಚಿತ್ರಗಳು. ಅದಕ್ಕೂ ಐನೂರು ವರ್ಷ ಹಿಂದೆ, ಸಾಂಗ್ ರಾಜರ ಕಾಲದಲ್ಲಿ, ಲೌ ಷೂ ಎಂಬ ಅಧಿಕಾರಿ ಇಂಥದ್ದೊಂದು ಮಾಲೆ ಮಾಡಿ ಪದ್ಯ ಬರೆದಿದ್ದ. ಅದನ್ನು ಆಧಾರವಾಗಿಟ್ಟುಕೊಂಡು ಆಸ್ಥಾನ ಚಿತ್ರಕಾರ ಜಿಯಾವೊ ಬಿಂಗ್‌ಜೆನ್ ಹೊಸದಾಗಿ ಬರೆದ. ಕೊರೆದವರಲ್ಲಿ ಝು ಗುಯಿ ಎಂಬವನ ಹೆಸರು ಉಳಿದಿದೆ ಎಂಬುದು ನನಗೆ ದೊಡ್ಡ ಸಮಾಧಾನ. ಚಿತ್ರಗಳ ಮೇಲುಗಡೆ ಚಕ್ರವರ್ತಿಯ ಪದ್ಯಗಳಿವೆ.

ರೇಷ್ಮೆಯ 23 ಚಿತ್ರಗಳನ್ನು ಶಿಡ್ಲಘಟ್ಟದ ಯಾವ ರೈತರಿಗಾದರೂ ತೋರಿಸಿ, ಪಕ್ಕದಲ್ಲಿ ನಿಂತು ವಿವರಿಸುವ ಅಗತ್ಯವೇ ಇಲ್ಲ. ಮೊಟ್ಟೆ ತೊಳೆಯುವುದರಿಂದ ಹಿಡಿದು ಎರಡನೇ ಜ್ವರ (ಪೊರೆ ಬಿಡುವ ಮೊದಲು ಹುಳು ಸೊಪ್ಪು ತಿನ್ನದೆ ಮಲಗುವ ಹೊತ್ತು), ಮೂರನೇ ಜ್ವರ, ಜ್ವರ ಬಿಟ್ಟೆದ್ದ ಹುಳುಗಳು, ತಟ್ಟೆ ಬಿಡಿಸುವುದು, ಸೊಪ್ಪು ಕೊಯ್ಯುವುದು, ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವುದು, ಚಳಿಗೆ ಬೆಂಕಿ ಹಾಕಿ ಬಿಸಿ ಮಾಡುವುದು, ಗೂಡು ಬಿಡಿಸುವುದು, ಗೂಡು ಆರಿಸುವುದು, ನೂಲು ತೆಗೆಯುವುದು, ಅಲ್ಲಿಂದ ಹಾಸು, ಹೊಕ್ಕು, ಬಣ್ಣ, ಮಗ್ಗ, ಕೊನೆಗೆ ಬಟ್ಟೆ ಹೊಲಿಯುವವರೆಗೆ ಎಲ್ಲವೂ ಸಾಲಾಗಿ ಇದೆ. ನಡುವೆ ಒಂದು ಚಿತ್ರದಲ್ಲಿ ದೇವರಿಗೆ ಪೂಜೆ ಸಲ್ಲಿಸುತ್ತಾರೆ. ಬೆಳೆ ಕೈಗೆ ಬಂದ ಮೇಲೆ ಮಾಡುವ ಪೂಜೆ. ಅದನ್ನು ಇಲ್ಲಿ ಯಾರಿಗೆ ಹೇಳಿಕೊಡಬೇಕು?

ಹಿಂದೆ ಅಪ್ಪನ ಚರಕದಲ್ಲಿ ನೂಲು ತೆಗೆಯುತ್ತಿದ್ದ ಅಜ್ಜಿಯೊಬ್ಬರು ಹಬ್ಬಕ್ಕೆ ಬಂದಿದ್ದರು. ಬಿಸಿನೀರಿನಲ್ಲಿ ಬೆರಳಾಡಿಸಿ ಆಡಿಸಿ ಅವರ ಬೆರಳ ತುದಿಗಳು ಈಗಲೂ ನುಣುಪು, ರೇಖೆಗಳೇ ಇಲ್ಲ. ನೂಲು ತೆಗೆಯುವ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಕೇಳಿದರು: “ಇದು ಹಳದಿ ಗೂಡೋ, ಬಿಳಿ ಗೂಡೋ?” ಚಿತ್ರ ಕಪ್ಪು ಬಿಳುಪಿನದು, ಹೇಳುವಂತಿಲ್ಲ. ಆದರೆ ಪ್ರಶ್ನೆ ಎಷ್ಟು ಸರಿಯಾದದ್ದು! ನಮ್ಮಲ್ಲಿ ಮಿಶ್ರತಳಿಯ ಗೂಡು ಹಳದಿ ಛಾಯೆಯದು, ದ್ವಿತಳಿಯದು ಬಿಳಿ. ಯಾವ ಗೂಡು ಎಂಬುದರ ಮೇಲೆ ನೀರಿನ ಹದ, ಎಳೆ ಬಿಚ್ಚಿಕೊಳ್ಳುವ ರೀತಿ, ಕೊನೆಗೆ ಕೈಗೆ ಬರುವ ದುಡ್ಡು ಎಲ್ಲವೂ ನಿಂತಿದೆ. ಎಷ್ಟೋ ಕಲಾಪುಸ್ತಕಗಳಲ್ಲಿ ಈ ಚಿತ್ರಮಾಲೆಯ ಬಗ್ಗೆ ಓದಿದ್ದೇನೆ, ದೂರದ ವಸ್ತು ಚಿಕ್ಕದಾಗಿ ಕಾಣುವಂತೆ ಬರೆಯುವ ಯುರೋಪಿನ ಪದ್ಧತಿ ಆಸ್ಥಾನದಲ್ಲಿದ್ದ ಪಾದ್ರಿಗಳ ಮೂಲಕ ಇದರೊಳಗೆ ಹೇಗೆ ಬಂತು ಎಂದೆಲ್ಲ. ಅಜ್ಜಿಯ ಪ್ರಶ್ನೆಯನ್ನು ಎಲ್ಲೂ ಕಾಣಲಿಲ್ಲ.

ಪಕ್ಕದಲ್ಲಿ ಜಪಾನಿನ ಉತಮಾರೊ ಅವರ ರೇಷ್ಮೆ ಸಾಕಾಣಿಕೆಯ ಚಿತ್ರಗಳಿವೆ. ಸುಮಾರು 1800ರ ಹೊತ್ತಿಗೆ ಬಂದ ಹನ್ನೆರಡು ಹಾಳೆಗಳ ಬಣ್ಣದ ಮಾಲೆ, ಎಲ್ಲದರಲ್ಲೂ ಹೆಂಗಸರೇ ಕೆಲಸದಲ್ಲಿದ್ದಾರೆ. ಜಪಾನಿನಲ್ಲಿ ಬರೆಯುವವನು, ಕೊರೆಯುವವನು, ಅಚ್ಚು ಒತ್ತುವವನು ಬೇರೆ ಬೇರೆ. ಒಂದೊಂದು ಬಣ್ಣಕ್ಕೂ ಒಂದೊಂದು ಚೆರ್ರಿ ಮರದ ಹಲಗೆ, ಕಾಗದವನ್ನು ಹಿಂದಿನಿಂದ ಉಜ್ಜಲು ಬಿದಿರಿನ ಪೊರೆ ಸುತ್ತಿದ ಬಿಲ್ಲೆ. ಈ ಚಿತ್ರಗಳ ಬಣ್ಣ, ಗೆರೆಯ ಓಟ ನೋಡಿದಷ್ಟೂ ಸಾಲದು. ಆದರೆ ನಾನು ಇವನ್ನು ಮೂರೇ ಹಾಕಿದ್ದೇನೆ. ಉತಮಾರೊ ಅವರ ಕಣ್ಣು ಹೆಂಗಸರ ಚೆಲುವಿನ ಮೇಲಿದೆ, ಕೆಲಸ ಅದಕ್ಕೊಂದು ನೆಪ. “ಇಷ್ಟು ಒಳ್ಳೆಯ ಬಟ್ಟೆ ಉಟ್ಟುಕೊಂಡು ಚಾಕಿ ಹುಳುವಿಗೆ ಸೊಪ್ಪು ಕತ್ತರಿಸುವವರು ಯಾರು?” ಎಂದು ಅಮ್ಮ ಕೇಳಿದ್ದು ನನಗೆ ಒಪ್ಪಿಗೆಯಾಯಿತು (ಚಾಕಿ ಎಂದರೆ ಎಳೆಯ ಹುಳು). ಜಪಾನಿನ ಇನ್ನೊಬ್ಬ ಚಿತ್ರಕಾರ ಹೊಕುಸಾಯಿ ಹಾಗಲ್ಲ. 1830ರ ಸುಮಾರಿನ ಅವರ ಫ್ಯೂಜಿ ಬೆಟ್ಟದ ಚಿತ್ರಗಳಲ್ಲಿ ಒಂದರಲ್ಲಿ ದೊಡ್ಡ ಮರದ ಪೀಪಾಯಿಯ ಒಳಗೇ ಕುಳಿತು ಒಬ್ಬ ಕೆಲಸ ಮಾಡುತ್ತಿದ್ದಾನೆ. ಪೀಪಾಯಿಯ ದುಂಡಗಿನ ಬಾಯಿಯೊಳಗಿಂದ ಬೆಟ್ಟ ಪುಟ್ಟದಾಗಿ ಕಾಣುತ್ತದೆ, ಅವನು ಅದರ ಕಡೆ ತಲೆಯೆತ್ತಿಯೂ ನೋಡುವುದಿಲ್ಲ. ಅವನಿಗೆ ಕೆಲಸವಿದೆ.

ರೇಷ್ಮೆ ಚಿತ್ರಗಳ ನಡುವೆ ಹುಳುಗಳನ್ನು ಗೂಡು ಕಟ್ಟಲು ಬಿಡುವ ಒಂದು ನಿಜವಾದ ಚಂದ್ರಿಕೆಯನ್ನೂ ನಿಲ್ಲಿಸಿದ್ದೇನೆ. ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರಿನ ಚಾಪೆ, ಅದರ ಮೇಲೆ ಎರಡು ಬೆರಳೆತ್ತರದ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ಕಟ್ಟಿದ್ದು. ಈಗ ಪ್ಲಾಸ್ಟಿಕ್ಕಿನವು ಬಂದು ಮೇದಾರರಿಗೆ ಈ ಕೆಲಸ ಕಡಿಮೆಯಾಗಿದೆ. ಅದಕ್ಕೆ ಬಣ್ಣ ಬಳಿದು, ದೀಪದ ಸರ ಸುತ್ತಿ ಅಲಂಕಾರ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಸುರುಳಿಯ ಸಂದುಗಳಲ್ಲಿ ಹಳೆಯ ಗೂಡಿನ ನಾರು ಇನ್ನೂ ಅಂಟಿಕೊಂಡಿದೆ, ಅದು ಇದ್ದರೇ ಅದು ಚಂದ್ರಿಕೆ.

ಇಲ್ಲಿಯವರೆಗೆ ಸಂತೋಷದ ಮಾತಾಯಿತು. ಕಸುಬಿನ ಚಿತ್ರವನ್ನು ನಮ್ಮ ನಾಡಿನಲ್ಲಿ ಗೋಡೆಗೆ ಹಾಕುವುದು ಅಷ್ಟು ಸರಳವೂ ಅಲ್ಲ. ನಮ್ಮಲ್ಲಿ ಕಸುಬೆಂದರೆ ಜಾತಿ. ಅಮ್ಮಾನ್ ಬರೆದ ಚಮ್ಮಾರನನ್ನು ಹಾಕಿದಾಗ, ಜೊತೆಯಲ್ಲಿ ಕೆಲಸ ಮಾಡುವ ಶಿಕ್ಷಕರೊಬ್ಬರು ಅದನ್ನು ನೋಡಿ ಸುಮ್ಮನಾದರು. ಆಮೇಲೆ, “ಈ ಕೆಲಸ ಮಾಡಿದ್ದಕ್ಕೇ ನಮ್ಮ ತಾತನನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಅದನ್ನು ನೀವು ಬಾಗಿಲ ಒಳಗೆ ಅಂದಕ್ಕೆ ಹಾಕಿದ್ದೀರಿ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಮಾತು ನನ್ನೊಳಗೆ ಇನ್ನೂ ಇದೆ, ಇರಬೇಕು ಕೂಡ.

ಬಹಳ ಮಾತಾಡಿದೆವು. ಬ್ರಿಟಿಷರ ಕಾಲದಲ್ಲಿ, 1868ರಿಂದ 1875ರವರೆಗೆ, ಭಾರತದ ಜನರನ್ನು ಜಾತಿ, ಬುಡಕಟ್ಟುಗಳಾಗಿ ವಿಂಗಡಿಸಿ ಎಂಟು ಸಂಪುಟಗಳಲ್ಲಿ ಫೋಟೊಗಳನ್ನು ಪ್ರಕಟಿಸಿದರು. ಅದಕ್ಕೂ ಮೊದಲು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗಾಗಿ ತಂಜಾವೂರಿನ ಚಿತ್ರಕಾರರು ಗಂಡ ಹೆಂಡಿರನ್ನು ಜೋಡಿಯಾಗಿ ನಿಲ್ಲಿಸಿ, ಕೈಗೊಂದು ಸಲಕರಣೆ ಕೊಟ್ಟು, ಇಂಥ ಜಾತಿಯವರು ಎಂದು ಕೆಳಗೆ ಬರೆದು ಆಲ್ಬಮ್ ಮಾಡಿದರು. ಅವುಗಳಲ್ಲಿ ಕೆಲವು ನೋಡಲು ಬಹಳ ಸೊಗಸು. ನಾನು ಅವನ್ನು ಹಾಕುವುದಿಲ್ಲ. ಅಲ್ಲಿ ಮನುಷ್ಯ ಕೆಲಸ ಮಾಡುತ್ತಿಲ್ಲ, ಗುರುತು ಹಿಡಿಸಿಕೊಳ್ಳಲು ನಿಂತಿದ್ದಾನೆ. ಅಮ್ಮಾನ್ ಬರೆದ ಚಮ್ಮಾರ ನಮ್ಮ ಕಡೆ ತಿರುಗಿ ನಿಂತಿಲ್ಲ, ತನ್ನ ಅಂಗಡಿಯಲ್ಲಿ ತನ್ನ ಕೆಲಸದಲ್ಲಿದ್ದಾನೆ. ಅವನ ಬಾಯಿಗೆ ಮಾತು ಕೊಟ್ಟವನೂ ಚಮ್ಮಾರನೇ. ಈ ಮಾತಿಗೆ ಚಪ್ಪಲಿ ಹೊಲಿಯುತ್ತಿದ್ದ ಶರಣ ಸಮಗಾರ ಹರಳಯ್ಯನವರ ಹೆಸರನ್ನು ಎತ್ತಿದವರು ಆ ಶಿಕ್ಷಕರೇ. ಚಿತ್ರ ತೆಗೆಯಲೇ ಎಂದು ಕೇಳಿದೆ. ಬೇಡ, ಇರಲಿ, ಆದರೆ ನಾನು ಹೇಳಿದ್ದನ್ನೂ ಬಂದವರಿಗೆ ಹೇಳಿ ಎಂದರು. ಹೇಳುತ್ತಿದ್ದೇನೆ. ಅವರ ತಾತ ಚರ್ಮ ಕೊಯ್ಯುತ್ತಿದ್ದ ರಂಪಿಗೆ ಅವರ ಮನೆಯಲ್ಲಿ ಇನ್ನೂ ಇದೆಯಂತೆ.

ನೀವು ಇರುವ ಊರಿನ ದುಡಿಮೆಗೆ ಹತ್ತಿರದ ಚಿತ್ರ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಕೋಲಾರ ಚಿನ್ನದ ಗಣಿಯಲ್ಲಿ ದುಡಿದವರ ಮನೆಗೆ 1556ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಅಗ್ರಿಕೋಲಾ ಅವರ ಗಣಿಗಾರಿಕೆಯ ಪುಸ್ತಕದ ಚಿತ್ರಗಳಿವೆ. ಭೂಮಿಯನ್ನು ಸೀಳಿ ಒಳಗಿನ ಸುರಂಗ, ಏಣಿ, ರಾಟೆ ತಿರುಗಿಸುವವರು, ಅದಿರು ಕುಟ್ಟುವ ಯಂತ್ರ ಎಲ್ಲವನ್ನೂ ತೋರಿಸುತ್ತಾರೆ. ಬಂಗಾರಪೇಟೆಯ ನೆಂಟರೊಬ್ಬರಿಗೆ ಒಂದನ್ನು ಮಾಡಿಸಿಕೊಟ್ಟೆ. 2001ರಲ್ಲಿ ಗಣಿ ಮುಚ್ಚುವವರೆಗೂ ಕೆಳಗಿಳಿದು ದುಡಿದ ಅವರ ಮಾವ, ಏಣಿ ಇಳಿಯುವವನ ಮೇಲೆ ಬೆರಳಿಟ್ಟು ಮಾತು ಶುರು ಮಾಡಿದರೆ ಊಟದ ಹೊತ್ತು ದಾಟುತ್ತದೆ.

ಮಾಡಿಸುವ ರೀತಿ ಹೇಳಿಬಿಡುತ್ತೇನೆ. ಮೂಲ ಪ್ರತಿ ನಮ್ಮ ಕೈಗೆಟಕುವ ಮಾತಲ್ಲ, ಬೇಕಾಗಿಯೂ ಇಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2017ರಿಂದ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಅದಕ್ಕೂ ಮೊದಲಿನಿಂದ, ಹಕ್ಕುಸ್ವಾಮ್ಯ ಮುಗಿದ ಕೃತಿಗಳ ದೊಡ್ಡ ಚಿತ್ರಗಳನ್ನು ಯಾರು ಬೇಕಾದರೂ ಅಂತರ್ಜಾಲದಿಂದ ಇಳಿಸಿಕೊಳ್ಳಲು ಬಿಟ್ಟಿವೆ. ಉದ್ದಕ್ಕೆ ಮೂರು ಸಾವಿರ ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ಬಿಡಿ. ಅಮ್ಮಾನ್ ಚಿತ್ರವನ್ನು ಮೂಲದ ಮೂರರಷ್ಟಕ್ಕಿಂತ ದೊಡ್ಡದು ಮಾಡಬೇಡಿ. ಅದು ಹತ್ತಿರ ಹೋಗಿ ನೋಡಲೆಂದು ಆದ ಚಿತ್ರ, ಭಿತ್ತಿಪತ್ರದ ಗಾತ್ರಕ್ಕೆ ಹಿಗ್ಗಿಸಿದರೆ ಗೆರೆಗಳು ಸರಳುಗಳಾಗುತ್ತವೆ. ಹೊಳೆಯುವ ಫೋಟೊ ಕಾಗದ ಬೇಡವೇ ಬೇಡ. ಹತ್ತಿಯ ನಾರಿನ ಮಂಕು ಕಾಗದ ಕೇಳಿ. ಹಳೆಯ ಕಾಗದದ ಕಂದು ಬಣ್ಣವನ್ನು ಅಳಿಸಿ ಅಚ್ಚ ಬಿಳಿ ಮಾಡಿಕೊಡುತ್ತೇವೆ ಎನ್ನುತ್ತಾರೆ, ಒಪ್ಪಬೇಡಿ. ಚೌಕಟ್ಟಿಗೆ ಚಿನ್ನದ ಬಣ್ಣದ ಪಟ್ಟಿ ಬೇಡ, ಬೆರಳಗಲದ ಸಾದಾ ಮರ ಸಾಕು. ಕೆಳಗಿನ ಎರಡು ಮೂಲೆಗೆ ಹಿಂದಿನಿಂದ ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿ ಆಡುತ್ತದೆ, ಗೆದ್ದಲು ಬಂದರೂ ಬೇಗ ಕಣ್ಣಿಗೆ ಬೀಳುತ್ತದೆ. ಪಶ್ಚಿಮದ ಬಿಸಿಲು ಬೀಳುವ ಗೋಡೆ ಬೇಡ.

ಎತ್ತರದ ವಿಷಯದಲ್ಲಿ ನನ್ನದು ಹಟ. ಎಲ್ಲರೂ ನಿಂತವರ ಕಣ್ಣಿನ ಮಟ್ಟಕ್ಕೆ ಹಾಕಿ ಎನ್ನುತ್ತಾರೆ. ನಮ್ಮ ಮನೆಗೆ ಬರುವವರು ಚಾಪೆಯ ಮೇಲೆ ಕೂರುತ್ತಾರೆ, ಮಕ್ಕಳು ನೆಲದ ಮೇಲೆ ಹೊರಳುತ್ತಾರೆ. ಅದಕ್ಕೆ ಒಂದು ಸಾಲನ್ನು ಕೂತವರ ಕಣ್ಣಿಗೆ ಸಮನಾಗಿ ಹಾಕಿದ್ದೇನೆ. ಚಿತ್ರದಲ್ಲಿರುವ ಹೆಚ್ಚಿನವರೂ ಕುಳಿತೇ ದುಡಿಯುತ್ತಿದ್ದಾರೆ.

ಗೋಡೆಯ ಬಲಗಡೆ ಒಂದು ಭಾಗವನ್ನು ಖಾಲಿ ಬಿಟ್ಟಿದ್ದೇನೆ. ಅಲ್ಲಿಗೆ ನಮ್ಮೂರಿನ ಕಸುಬುಗಳು ಬರಬೇಕು, ನಮ್ಮ ಮಕ್ಕಳೇ ಕೊರೆದವು. ಒಂಬತ್ತನೇ ತರಗತಿಯವರಿಗೆ ಲಿನೋಲಿಯಂ ಹಾಳೆಯ ಮೇಲೆ ಕೊರೆಯುವುದನ್ನು ಕಲಿಸಿದ್ದಾಗಿದೆ. ಇನ್ನು ಮರ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆ ಮರ ಬಿಳಿ, ನುಣುಪು, ಎಳೆ ಸಣ್ಣದು, ಮಕ್ಕಳ ಕೈಗೆ ಒಗ್ಗುತ್ತದೆ ಎಂದು ಅದರ ಹಲಗೆಗಳನ್ನು ತರಿಸಿ ಒಣಗಲು ಇಟ್ಟಿದ್ದೇನೆ. ಮೊದಲ ಚಿತ್ರ ಬಿದಿರು ಸೀಳುವ ಮೇದಾರ ಅಜ್ಜನದು. ಬಿದಿರಿನ ಸೀಳುಗಳು ಉದ್ದುದ್ದಕ್ಕೆ ಹೋಗುವುದರಿಂದ ಹೊಸದಾಗಿ ಚಾಕು ಹಿಡಿದವರಿಗೆ ಅದು ಸುಲಭ. ಅಜ್ಜ ಒಪ್ಪಿದ್ದಾರೆ, ಒಂದು ಕರಾರಿನ ಮೇಲೆ: ಕತ್ತಿ ಹಿಡಿಯುವ ರೀತಿಯನ್ನು ಅವರು ನೋಡಿ ಸರಿ ಎಂದ ಮೇಲೆಯೇ ಕೊರೆಯಬೇಕು. ಕೆಳಗೆ ಎರಡು ಹೆಸರು ಬರೆಯುತ್ತೇವೆ, ಬಿದಿರು ಸೀಳಿದವರದು ಮತ್ತು ಹಲಗೆ ಕೊರೆದವರದು.